ಗುಂಡಮ್ಮನ ಏರು

ನ್ಯಾಲ್ಕಲ್ ಕಡೆಯ ಬಸಂತಗಾಂವದಲ್ಲಿ ಕಬ್ಬಿನ ಹಂಗಾಮು ಶುರುವಾಯಿತೆಂದರೆ ಎಲ್ಲರ ಬಾಯಲ್ಲೂ ಒಂದೇ ವಿಚಾರಣೆ: ಗುಂಡಮ್ಮ ಊರಾಗ ಅದಾಳಿಲ್ಲೊ? ಇದ್ದಾಳೆ ಎಂದು ಖಾತ್ರಿಯಾದ ಮೇಲೆಯೇ ಕಬ್ಬಿನ ಬುಡಕ್ಕೆ ಕುಡುಗೋಲು ಬೀಳುತ್ತಿತ್ತು. ಆಕೆ ತವರಿಗೆ ಹೋದ ವಾರ ಇಡೀ ಊರಿನ ಕಬ್ಬು ಹೊಲದಲ್ಲೇ ಒಣಗುತ್ತ ನಿಂತದ್ದುಂಟು. ಇದನ್ನು ಕೇಳಿದ ಪರವೂರಿನವರು ನಗುತ್ತಾರೆ. ನಗಲಿ ಬಿಡಿ, ಅವರ ಊರಿಗೆ ಅಂಥ ಏರೂ ಇಲ್ಲ, ಅಂಥ ಗುಂಡಮ್ಮನೂ ಇಲ್ಲ.

ಬಸಂತಗಾಂವದ ಕಬ್ಬಿನ ಹೊಲಗಳೆಲ್ಲ ಕೆಳಗೆ ಹಳ್ಳದ ದಂಡೆಯ ಕರಿಮಣ್ಣಿನಲ್ಲಿವೆ. ಜಹೀರಾಬಾದಿಗೆ ಹೋಗುವ ಡಾಂಬರು ರಸ್ತೆ ಇರುವುದು ಮೇಲೆ, ಕೆಂಪು ಮಣ್ಣಿನ ದಿಬ್ಬದಲ್ಲಿ. ಇವೆರಡರ ನಡುವಿನ ಏರು, ಊರವರ ಬಾಯಲ್ಲಿ ಚಡಾವ, ಖಾಲಿ ಕೈಯಲ್ಲಿ ಹತ್ತುವವನ ಉಸಿರನ್ನೇ ಕೀಳುವಂಥದ್ದು. ಕಬ್ಬು ಹೇರಿದ ಟ್ರ್ಯಾಲಿ ಹಿಂದಕ್ಕೆ ಜಗ್ಗಿದರೆ ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ನೆಲ ಬಿಟ್ಟು ಮೇಲೇಳುತ್ತಿದ್ದವು. ಗಾಲಿ ಗಾಳಿಯಲ್ಲಿದ್ದಾಗ ಸ್ಟೇರಿಂಗನ್ನು ಎತ್ತ ತಿರುಗಿಸಿದರೂ ಪ್ರಯೋಜನವಿಲ್ಲ. ಮೂತಿಯ ಮೇಲೆ ಭಾರ ಬೇಕು. ಬೇರೆ ಕಡೆ ಕಬ್ಬಿಣದ ತುಂಡು ಕಟ್ಟುತ್ತಾರೆ, ಮರಳಿನ ಚೀಲ ಹೊರಿಸುತ್ತಾರೆ. ಬಸಂತಗಾಂವದವರು ಗುಂಡಮ್ಮನನ್ನು ಕೂರಿಸುತ್ತಿದ್ದರು.

ಇದು ಶುರುವಾದದ್ದು ಅಕಸ್ಮಾತ್ತಾಗಿ. ಗುಂಡಮ್ಮನ ಗಂಡ ಹಣಮಂತರಾಯ ಹೊಸ ಟ್ರ್ಯಾಕ್ಟರು ತಂದ ವರ್ಷ, ಏರಿನ ನಡುವೆ ಅದು ಹಿಂಗಾಲ ಮೇಲೆ ನಿಂತುಬಿಟ್ಟಿತು. ಮೇಲೆ ಕೂತಿದ್ದ ಹಣಮಂತರಾಯ ಆಕಾಶ ನೋಡುತ್ತ ಊರ ದೇವರನ್ನೆಲ್ಲ ಹೆಸರು ಹಿಡಿದು ಕರೆಯತೊಡಗಿದ. ಬುತ್ತಿ ತರುತ್ತಿದ್ದ ಗುಂಡಮ್ಮ ಬುತ್ತಿಗಂಟನ್ನು ಕೆಳಗಿಟ್ಟು, ಸೆರಗು ಬಿಗಿದು, ಮೂತಿಯ ಮುಂದಿನ ಕಬ್ಬಿಣದ ಪಟ್ಟಿಗೆ ಜೋತುಬಿದ್ದು ಮೇಲೆ ಹತ್ತಿ ಕೂತಳು. ಟ್ರ್ಯಾಕ್ಟರು ಮೇವು ಕಂಡ ಎಮ್ಮೆಯ ಹಾಗೆ ಮೆಲ್ಲಗೆ ತಲೆ ತಗ್ಗಿಸಿತು. ಅವತ್ತಿನಿಂದ ಆ ಜಾಗ ಅವಳದಾಯಿತು. ಒಂದು ಸಲ ಅವಳ ಬದಲಿಗೆ ಮಾಣಿಕ ಎಂಬವನು ಕೂತು ನೋಡಿದ. ಎರಡು ಗಜ ಹೋಗುವುದರಲ್ಲಿ ಪಾಪಾಸಕಳ್ಳಿಯಲ್ಲಿ ಬಿದ್ದ. ಅವನ ಹೆಂಡತಿ ಮೋನಮ್ಮ ಮುಳ್ಳು ಕೀಳುತ್ತ ಅರ್ಧ ಹಂಗಾಮು ಕಳೆದಳು.

ಗುಂಡಮ್ಮ ಸುಮ್ಮನೆ ಭಾರಕ್ಕೆ ಕೂರುವವಳಾಗಿರಲಿಲ್ಲ. ಮೊದಲು ಟ್ರ್ಯಾಲಿಯ ಸುತ್ತ ಒಂದು ಸುತ್ತು ಹಾಕಿ ನೋಡುವಳು. ಹಗ್ಗ ಸಡಿಲಿದ್ದರೆ ಬಿಗಿಸುವಳು. ಕಂಬಳಿ ಮಡಚಿ ಹಾಕಿ, ಹಿಂದಿನ ಮಂದಿಯನ್ನೆಲ್ಲ ದೂರ ಸರಿಸಿ, ಕೂತು, ಎಲೆ ಅಡಿಕೆ ದವಡೆಗೆ ಸರಿಸಿ, ಆಮೇಲೆ "ಹೊಡಿ" ಅನ್ನುವಳು. ಅವಳು ಹೊಡಿ ಅನ್ನುವ ತನಕ ಯಾವ ಡ್ರೈವರನೂ ಗೇರ್ ಮುಟ್ಟುತ್ತಿರಲಿಲ್ಲ. ಮನೆಯಲ್ಲಿ ಅವಳ ಮಾತಿಗೆ ಅಂಥ ಬೆಲೆ ಏನೂ ಇರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಎಮ್ಮೆ ಕೊಳ್ಳುವುದು, ಮಗ ಸುನೀಲನಿಗೆ ಹೆಣ್ಣು ನೋಡುವುದು, ಎಲ್ಲ ಹಣಮಂತರಾಯನದೇ ತೀರ್ಮಾನ. "ನಿನಗೇನ ತಿಳೀತದ, ಸುಮ್ನ ಕೂಡು" ಅನ್ನುವುದು ಅವನ ರೂಢಿ. ಗುಂಡಮ್ಮ ಸುಮ್ಮನೆ ಕೂರುತ್ತಿದ್ದಳು. ಟ್ರ್ಯಾಕ್ಟರಿನ ಮೂತಿಯ ಮೇಲೆ ಮಾತ್ರ ಅವಳು ಸುಮ್ಮನೆ ಕೂರುತ್ತಿರಲಿಲ್ಲ. ಅಲ್ಲಿ ಕೂತು ಒಂದು ಮಾತು ಆಡಿದರೆ ಟ್ರ್ಯಾಕ್ಟರು, ಟ್ರ್ಯಾಲಿ, ಕಬ್ಬು, ಗಂಡ ಎಲ್ಲವೂ ಒಟ್ಟಿಗೆ ಮುಂದೆ ಚಲಿಸುತ್ತಿದ್ದವು. ವರ್ಷದ ಆ ನಾಲ್ಕು ತಿಂಗಳಿಗಾಗಿ ಅವಳು ಉಳಿದ ಎಂಟು ತಿಂಗಳನ್ನು ಸಹಿಸಿಕೊಳ್ಳುತ್ತಿದ್ದಳು.

ಹೀಗಿರುವಾಗ ಹೋಳಿ ಕಳೆದ ಮೇಲೆ ಊರಿಗೆ ರಸ್ತೆ ಮಂಜೂರಾಯಿತು. ಅಳೆಯಲು ಬಂದ ಇಂಜಿನಿಯರು ತಾಂಡೂರಿನ ಹುಡುಗಿ, ಹೆಸರು ಮಾಧುರಿ. ಅಂಗೈಯಗಲದ ಮುಖ, ತಲೆಗೆ ದೊಡ್ಡ ಟೋಪಿ. ಮೂರು ಕಾಲಿನ ಮೇಲೆ ದುರ್ಬೀನು ನಿಲ್ಲಿಸಿ, ಕೆಂಪು ಬಿಳಿ ಪಟ್ಟಿಯ ಕೋಲನ್ನು ಊರ ತುಂಬ ನಿಲ್ಲಿಸಿ ಎರಡು ದಿನ ನೋಡಿದಳು. ಮೂರನೆಯ ದಿನ ಹನುಮಂತ ದೇವರ ಕಟ್ಟೆಗೆ ಊರವರನ್ನು ಕರೆದಳು.

"ನಿಮ್ಮ ಚಡಾವ ಈಗ ಎಂಟಕ್ಕ ಒಂದದ. ಇದನ್ನ ಇಪ್ಪತ್ನಾಕಕ್ಕ ಒಂದು ಮಾಡ್ತೀವಿ" ಎಂದಳು.

ಸರಪಂಚ ಲಿಂಗರಾಜ ಗಂಟಲು ಸರಿಪಡಿಸಿಕೊಂಡು, "ಮೇಡಂ, ಎಂಟಿದ್ದದ್ದು ಇಪ್ಪತ್ನಾಕ ಆದ್ರ ಚಡಾವ ಹೆಚ್ಚಾಗಂಗಿಲ್ಲೇನ್ರಿ? ಈಗಿಂದೇ ಹತ್ತಾಕ ಆಗವಲ್ದು" ಅಂದ.

"ಹಂಗಲ್ಲರಿ. ಎಂಟು ಹೆಜ್ಜಿ ಮುಂದ ಹೋದ್ರ ಈಗ ಒಂದು ಹೆಜ್ಜಿ ಮ್ಯಾಲೇರ್ತೀರಿ. ಇನ್ನ ಮ್ಯಾಲ ಇಪ್ಪತ್ನಾಕ ಹೆಜ್ಜಿ ಹೋದ್ರ ಒಂದೇ ಹೆಜ್ಜಿ ಏರ್ತೀರಿ."

"ಯಾರ ಹೆಜ್ಜಿ?" ಎಂದು ಹಣಮಂತರಾಯ ಅನುಮಾನದಿಂದ ಕೇಳಿದ. "ಮಾಣಿಕಂದು ಕೊಕ್ಕರಿ ಕಾಲು. ನಂದು ಗಿಡ್ಡ. ಅವನ ಹೆಜ್ಜಿಲೆ ರೋಡ ಮಾಡಿದ್ರ ನಾ ಹ್ಯಾಂಗ ಹತ್ತಲಿ?"

"ಯಾರದಾದ್ರೂ ಆಗ್ತದ, ಕಾಕಾ. ಮುಂದ ಹೋಗೋದೂ ಮ್ಯಾಲೇರೋದೂ ಒಬ್ಬರದೇ ಹೆಜ್ಜಿ ಇದ್ರಾತು. ಉಗುರಿಲೆ ಅಳೀರಿ, ಹಗ್ಗದ್ಲೆ ಅಳೀರಿ, ಚಡಾವ ಅಷ್ಟೇ ಇರ್ತದ."

ಇದನ್ನು ಪರೀಕ್ಷಿಸದೆ ಬಿಡುವ ಊರು ಅದಲ್ಲ. ಮಾಣಿಕನನ್ನು ಮುಂದೆ ನಡೆಸಿದರು, ಹಣಮಂತರಾಯನನ್ನು ಗೋಡೆಗೆ ಹಚ್ಚಿದ ಏಣಿ ಹತ್ತಿಸಿದರು, ಲೆಕ್ಕ ತಪ್ಪಿತು. ಹಣಮಂತರಾಯನನ್ನೇ ನಡೆಸಿ ಹಣಮಂತರಾಯನನ್ನೇ ಹತ್ತಿಸಿದರು, ಲೆಕ್ಕ ಸರಿಹೋಯಿತು. ಎಲ್ಲರೂ ಮಹಾ ಸಂತೋಷದಿಂದ ಚಪ್ಪಾಳೆ ತಟ್ಟಿದರು. ಏಣಿಯ ಮೇಲಿದ್ದ ಹಣಮಂತರಾಯನನ್ನು ಇಳಿಸುವುದನ್ನು ಮಾತ್ರ ಮರೆತರು.

"ದಿಬ್ಬದ ತಲಿ ಕಡೀತೀವಿ, ಆ ಮಣ್ಣು ತಂದು ಕೆಳಗ ತುಂಬ್ತೀವಿ" ಎಂದು ಮಾಧುರಿ ಮುಂದುವರಿಸಿದಳು. "ಆಮ್ಯಾಲ ನಿಮ್ಮ ಟ್ರ್ಯಾಕ್ಟರ ಮೂತಿ ಏಳೂದೇ ಇಲ್ಲ. ಅದರ ಮ್ಯಾಲ ಯಾರೂ ಕೂಡೋ ಜರೂರತ್ತೇ ಇಲ್ಲ."

ಹೆಂಗಸರ ನಡುವೆ ಕೂತಿದ್ದ ಗುಂಡಮ್ಮನ ದವಡೆ ಅಲ್ಲಿಗೇ ನಿಂತಿತು. ಅವಳು ಸುತ್ತ ನೋಡಿದಳು. ಎಲ್ಲರೂ ನಗುತ್ತಿದ್ದರು, ಯಾರೂ ಅವಳ ಕಡೆ ನೋಡಲಿಲ್ಲ. ಏಣಿಯ ಮೇಲಿನಿಂದ ಹಣಮಂತರಾಯ, "ಚೊಲೋ ಆತು. ಇನ್ನ ನೀ ಆರಾಮ ಮನ್ಯಾಗ ಸುಮ್ನ ಕೂಡು" ಎಂದು ಕೂಗಿ ಹೇಳಿದ. ಅವಳಿಗೆ ಆ ಏಣಿಯನ್ನು ಎಳೆದುಬಿಡಬೇಕೆನಿಸಿತು.

ಸಭೆ ಮುಗಿದ ಮೇಲೆ ಗುಂಡಮ್ಮ ಮಾಧುರಿಯನ್ನು ಬೇವಿನ ಮರದ ಹಿಂದೆ ಹಿಡಿದಳು.

"ತಂಗಿ, ಇಪ್ಪತ್ನಾಕಕ್ಕ ಒಂದು ಭಾಳ ಆತು. ಹತ್ತಕ್ಕ ಒಂದ ಮಾಡಿಕೊಡು."

"ಅಮ್ಮಾ, ಇದು ಬಳಿ ಅಂಗಡಿ ಅಲ್ಲ" ಎಂದು ಹುಡುಗಿ ನಕ್ಕಳು.

"ಆತು ಬಿಡು, ಹನ್ನೆರಡಕ್ಕ ಒಂದು. ನೀನೂ ಸೋಲಬ್ಯಾಡ, ನಾನೂ ಸೋಲಾಂಗಿಲ್ಲ."

"ಆಗಂಗಿಲ್ಲಮ್ಮಾ."

"ಹದಿಮೂರಕ್ಕ?"

ಆಗಲಿಲ್ಲ. ಗುಂಡಮ್ಮ ಹದಿನಾಲ್ಕರ ತನಕ ಬಂದು, ಇನ್ನು ಮೇಲೆ ಬಂದರೆ ಟ್ರ್ಯಾಕ್ಟರಿನ ಮೂತಿ ಏಳುವುದಿಲ್ಲವೆಂದು ಅಂದಾಜು ಮಾಡಿ ಅಲ್ಲೇ ನಿಂತಳು.

ಕೆಲಸ ಶುರುವಾಯಿತು. ದಿಬ್ಬದ ಮೇಲಿನ ಕೆಂಪು ಮಣ್ಣು ಕೆಳಗೆ ಬಂದು ಬಿತ್ತು. ಆ ಸಡಿಲ ಮಣ್ಣಿನಲ್ಲಿ ಮಾಧುರಿ ಸಾಲಾಗಿ ಕಟ್ಟಿಗೆಯ ಗೂಟಗಳನ್ನು ಹೊಡೆಸಿದಳು. ಗೂಟದ ತಲೆ ಎಷ್ಟು ಎತ್ತರವೋ ಅಷ್ಟು ಮಣ್ಣು ತುಂಬಬೇಕು ಎಂದು ಕೂಲಿಯವರಿಗೆ ಹೇಳಿದಳು. ಪಕ್ಕದಲ್ಲಿ ಕುರಿಗೆ ಸೊಪ್ಪು ಕಡಿಯುತ್ತಿದ್ದ ಗುಂಡಮ್ಮ ಇದನ್ನು ಕಿವಿಗೊಟ್ಟು ಕೇಳಿದಳು. ಗೂಟ ತಗ್ಗಿದರೆ ಮಣ್ಣು ಕಡಿಮೆ. ಕೆಳಗೆ ಮಣ್ಣು ಕಡಿಮೆ ಬಿದ್ದರೆ ಏರು ಏರಾಗಿಯೇ ಉಳಿಯುತ್ತದೆ. ಗೂಟ ಕೀಳುವುದು ಕಳ್ಳತನ. ಗೂಟದ ಮೇಲೆ ಕೂರುವುದು ಕಳ್ಳತನವೆಂದು ಯಾರೂ ಹೇಳಿರಲಿಲ್ಲ.

ಮರುದಿನ ಬೆಳಕು ಹರಿಯುವಾಗ ಅವಳು ಹೊಲಕ್ಕೆ ಹೊರಟವಳಂತೆ ಹೋಗಿ ಮೊದಲ ಗೂಟದ ಮೇಲೆ ಕೂತಳು. ಗೂಟ ಸರಕ್ಕನೆ ಗೇಣುದ್ದ ಒಳಗಿಳಿಯಿತು. ಎದ್ದು ಎರಡನೆಯದರ ಮೇಲೆ ಕೂತಳು. ಹೀಗೆ ಸಾಲು ಮುಗಿಸಿ, ಸೊಂಟ ಹಿಡಿದುಕೊಂಡು ಮನೆಗೆ ಬಂದು, ಹೊಟ್ಟೆ ತುಂಬ ಉಂಡಳು. ಮಾಧುರಿ ಬಂದು ದುರ್ಬೀನಿನಲ್ಲಿ ನೋಡಿ ತಲೆ ಕೆರೆದುಕೊಂಡು, ಮಣ್ಣು ಕುಸಿದಿದೆ ಎಂದು ಗೂಟಗಳನ್ನು ಎತ್ತರಿಸಿದಳು. ಮಾರನೆಯ ದಿನ ಮತ್ತೆ ಮಣ್ಣು ಕುಸಿಯಿತು. ಅದರ ಮಾರನೆಯ ದಿನವೂ ಕುಸಿಯಿತು. ಎಂಥ ಮಣ್ಣು ಇದು, ಗೂಟದ ಬುಡದಲ್ಲಿ ಮಾತ್ರ ಕುಸಿಯುತ್ತದಲ್ಲ ಎಂದು ಹುಡುಗಿಗೆ ಊಟ ಸೇರದಾಯಿತು. ಕೊನೆಗೆ ಒಂದು ಬೆಳಿಗ್ಗೆ ಅವಳು ಬೇಗ ಬಂದು ಜಾಲಿಯ ಮರೆಯಲ್ಲಿ ನಿಂತಳು.

"ಅಮ್ಮಾ, ಏನ್ ಮಾಡಾಕತ್ತೀರಿ?"

ಗುಂಡಮ್ಮ ಗೂಟದ ಮೇಲಿಂದ ಏಳಲಿಲ್ಲ. "ದಣಿವಾಗಿತ್ತವ್ವ. ಕುಂತೀನಿ."

"ಇಷ್ಟು ದೊಡ್ಡ ಕಲ್ಲು ಪಕ್ಕದಾಗ ಇರೂವಾಗ, ಗೂಟದ ಮ್ಯಾಲ?"

ಗುಂಡಮ್ಮನಿಗೆ ಸುಳ್ಳು ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಅವಳು ನಿಜ ಹೇಳಿಬಿಟ್ಟಳು. "ಈ ಊರಾಗ ನನ್ನ ಮಾತು ನಡಿಯೂದು ಇದೊಂದು ಚಡಾವಿನ ಮ್ಯಾಲ. ಅದನ್ನೂ ನೀ ಸಪಾಟ ಮಾಡಾಕತ್ತೀದಿ. ನಾ ಎಲ್ಲಿ ಕೂಡಲಿ?"

ಮಾಧುರಿ ಪಕ್ಕದ ಗೂಟದ ಮೇಲೆ ಕೂತಳು. ಅದು ಕೂದಲೆಳೆಯಷ್ಟೂ ಇಳಿಯಲಿಲ್ಲ. "ನಿನ್ನಿಂದ ಆಗಂಗಿಲ್ಲ ಬಿಡು" ಎಂದು ಗುಂಡಮ್ಮ ಕನಿಕರದಿಂದ ಹೇಳಿದಳು. ಆಮೇಲೆ ಮಾಧುರಿ, "ಅಮ್ಮಾ, ಒಂದ್ ದಿನ ಟ್ರ್ಯಾಕ್ಟರ ಪೂರಾ ಹಿಂದಕ್ಕ ಮಗಚಿದ್ರ? ಈಗ ಸ್ಟೇರಿಂಗ ಮ್ಯಾಲ ಕೂಡೋದು ನಿಮ್ಮ ಮಗ" ಅಂದಳು. ಗುಂಡಮ್ಮನಿಗೆ ಆ ಮಾತು ಎದೆಗೆ ನಾಟಿತು. ಅವಳು ಎದ್ದು, ಸೀರೆಯ ಮಣ್ಣು ಕೊಡವಿಕೊಂಡು, ಹಿಂದಿರುಗಿ ನೋಡದೆ ಮನೆಗೆ ಹೋದಳು.

ಮುಂಗಾರಿಗೆ ಮೊದಲೇ ರಸ್ತೆ ಆಯಿತು. ಉದ್ಘಾಟನೆಯ ದಿನ ಸರಪಂಚ ಲಿಂಗರಾಜನಿಗೆ ಗುಂಡಮ್ಮನ ಸೇವೆ ನೆನಪಾಗಿ, ಅವಳನ್ನು ವೇದಿಕೆಗೆ ಕರೆದು ಶಾಲು ಹೊದಿಸಿ, ಕೈಗೆ ತೆಂಗಿನಕಾಯಿ ಕೊಟ್ಟ. "ಇಷ್ಟು ವರ್ಷ ಊರಿನ ಭಾರಾ ಹೊತ್ತ ಗುಂಡಮ್ಮ ಇವತ್ತಿಗಿ ರಿಟೈರ್ ಆಗ್ಯಾಳ" ಎಂದು ಮೈಕಿನಲ್ಲಿ ಹೇಳಿದ. ಹಣಮಂತರಾಯ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದ. ಮೇ ತಿಂಗಳ ಬಿಸಿಲಿನಲ್ಲಿ ಉಣ್ಣೆಯ ಶಾಲು ಹೊದ್ದು ನಿಂತ ಗುಂಡಮ್ಮನ ಕಣ್ಣಿಂದ ನೀರು ಬಂತು. ಬೆವರು ಎಂದು ಎಲ್ಲರೂ ತಿಳಿದರು. ಸೊಸೆ ಸ್ವಾತಿಯೊಬ್ಬಳಿಗೆ ಗೊತ್ತಾಯಿತು, ಆದರೆ ಅತ್ತೆಯ ಅಳು ಅತ್ತೆಯದು ಎಂದು ಅವಳು ಬಾಯಿ ಬಿಡಲಿಲ್ಲ.

ಅಲ್ಲಿಂದ ಗುಂಡಮ್ಮನ ಊಟ ಕೆಟ್ಟಿತು. ಜೋಳದ ರೊಟ್ಟಿಯನ್ನು ಮುರಿದು, ಪಲ್ಯಕ್ಕೆ ಅದ್ದಿ, ಹಾಗೆಯೇ ಗಂಗಾಳದಲ್ಲಿ ಬಿಟ್ಟು ಏಳುವಳು. "ಇನ್ನೊಂದು ಹಾಕ್ಲೇನ್ರಿ ಅತ್ತಿ?" ಎಂದು ಸ್ವಾತಿ ಕೇಳಿದರೆ, "ಯಾರಿಗಾಗಿ ತಿನ್ಲಿ?" ಅನ್ನುವಳು. ದಸರೆಯ ಹೊತ್ತಿಗೆ ಬಳೆಗಳು ಮೊಣಕೈ ತನಕ ಜಾರತೊಡಗಿದವು. ಸ್ವಾತಿ ರವಿಕೆಗಳಿಗೆ ಎರಡು ಸಲ ಹೊಲಿಗೆ ಹಾಕಿ ಚಿಕ್ಕದು ಮಾಡಿಕೊಟ್ಟಳು. ಹಣಮಂತರಾಯನಿಗೆ ಇದರಿಂದ ಖುಷಿಯೇ ಆಯಿತು. "ಹಗುರ ಆಗೀದಿ. ಮೊಣಕಾಲ ನೋವು ಹೋಗ್ತದ ನೋಡು" ಅಂದ. ಮೊಣಕಾಲ ನೋವು ಹೋಯಿತು, ಅದು ನಿಜ. ಆ ಮೊಣಕಾಲಿನಿಂದ ಹೋಗಬೇಕಾದ ಜಾಗ ಯಾವುದೂ ಗುಂಡಮ್ಮನಿಗೆ ಉಳಿದಿರಲಿಲ್ಲ.

ದೀಪಾವಳಿ ಮುಗಿದು ಸಕ್ಕರೆ ಕಾರ್ಖಾನೆಯವರು ಕಬ್ಬು ತರಲು ಹೇಳಿದರು. ಬಸಂತಗಾಂವದವರು ಮಾಧುರಿಯ ಪಾಠವನ್ನು ಮರೆತಿರಲಿಲ್ಲ. ನಿಜ ಹೇಳಬೇಕೆಂದರೆ ಬೇಕಾದದ್ದಕ್ಕಿಂತ ಚೆನ್ನಾಗಿ ಕಲಿತುಬಿಟ್ಟಿದ್ದರು. ಮೊದಲ ಟ್ರ್ಯಾಕ್ಟರು ತುಂಬುವಾಗ ಲಿಂಗರಾಜ ಸೊಂಟದ ಮೇಲೆ ಕೈ ಇಟ್ಟು ಲೆಕ್ಕ ಮಾಡಿದ.

"ಎಂಟಿದ್ದದ್ದು ಇಪ್ಪತ್ನಾಕ ಆತು. ಚಡಾವ ಮೂರ ಪಾಲಿನಾಗ ಒಂದ ಪಾಲ ಆತು. ಹಂಗಾದ್ರ ಕಬ್ಬು ಮೂರ ಪಾಲ ಹೇರ್ಬೇಕಲ್ಲ?"

"ಹೌದ ಹೌದ" ಎಂದರು ಎಲ್ಲರೂ. ಲೆಕ್ಕ ಮಾಡಿದ ಮೇಲೆ ಹೇರದೆ ಬಿಟ್ಟರೆ ಸರಕಾರದ ರಸ್ತೆಗೆ ಅವಮಾನವಲ್ಲವೇ? ಸುನೀಲನ ಟ್ರ್ಯಾಕ್ಟರಿಗೆ ಒಂದರ ಹಿಂದೆ ಒಂದು ಎರಡು ಟ್ರ್ಯಾಲಿ ಕಟ್ಟಿದರು. ಕರೆಂಟಿನ ತಂತಿಗೆ ತಾಗುವ ತನಕ ಕಬ್ಬು ಒಟ್ಟಿದರು. ಮೇಲೆ ಇನ್ನೂ ಜಾಗ ಕಾಣುತ್ತದೆ ಎಂದು ಹಣಮಂತರಾಯ ನಾಲ್ಕು ಹೊರೆ ಹೆಚ್ಚಿಗೆ ಹಾಕಿಸಿದ. ಇಡೀ ಊರು ದಾರಿಯ ಎರಡೂ ಕಡೆ ನಿಂತು ನೋಡುತ್ತಿತ್ತು.

ಟ್ರ್ಯಾಕ್ಟರು ಹೊಸ ರಸ್ತೆಯಲ್ಲಿ ಅರ್ಧದ ತನಕ ಘನವಾಗಿ ಹೋಯಿತು. ಅಲ್ಲಿ ಒಮ್ಮೆ ಕೆಮ್ಮಿತು. ಆಮೇಲೆ, ಇಪ್ಪತ್ತನಾಲ್ಕಕ್ಕೆ ಒಂದು ಅನ್ನುವುದನ್ನು ಯಾರೂ ತನಗೆ ಹೇಳಿಯೇ ಇಲ್ಲವೆಂಬಂತೆ, ಮುಂದಿನ ಗಾಲಿ ಎರಡನ್ನೂ ಎತ್ತಿಬಿಟ್ಟಿತು. ಓಡಿ ಬಂದವರು ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟರು. ಸುನೀಲ ಆಕಾಶ ನೋಡುತ್ತಲೇ ಮಾಧುರಿಗೆ ಫೋನ್ ಮಾಡಿದ. "ಮೇಡಂ, ನಿಮ್ಮ ಚಡಾವ ಫೇಲಾಗ್ಯದರಿ."

"ಎಷ್ಟು ಹೇರೀರಿ?" ಎಂದಳು ಮಾಧುರಿ. ಸುನೀಲ ಹೇಳಿದ. ಆ ಕಡೆಯಿಂದ ಫೋನ್ ಕಟ್ಟಾಯಿತು.

ಹಿಂದೆ ಇನ್ನೂ ಮೂರು ಟ್ರ್ಯಾಕ್ಟರುಗಳು ಹಾರ್ನ್ ಹೊಡೆಯುತ್ತಿದ್ದವು. ಮಾಣಿಕ ತನ್ನ ಕೊಕ್ಕರೆ ಕಾಲಿನಲ್ಲಿ ಗುಂಡಮ್ಮನ ಮನೆಗೆ ಓಡಿದ. ಅವಳು ಪಡಸಾಲೆಯಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಸುದ್ದಿ ಕೇಳಿದರೂ ಅವಳ ಕೈ ಮೊರವನ್ನು ಬಿಡಲಿಲ್ಲ.

"ನಾ ರಿಟೈರ್ ಆಗೀನಪ. ಶಾಲ ಹಾಕ್ಯಾರ. ಹಾಕಿದವರೇ ಬಂದು ಕರೀಲಿ."

ಲಿಂಗರಾಜ ಏದುಸಿರು ಬಿಡುತ್ತ ಬಂದು ಕೈ ಮುಗಿದ. ಗುಂಡಮ್ಮ ಉಳಿದ ತೊಗರಿಯನ್ನು ಹಸನು ಮಾಡಿ ಮುಗಿಸಿದಳು, ಮುಖ ತೊಳೆದಳು, ಎಲೆ ಅಡಿಕೆ ಹಾಕಿಕೊಂಡಳು. ದಾರಿಯುದ್ದಕ್ಕೂ ಮಂದಿ ಸರಿದು ಜಾಗ ಬಿಟ್ಟರು. ಅವಳು ಎರಡೂ ಟ್ರ್ಯಾಲಿಗಳ ಸುತ್ತ ಒಂದು ಸುತ್ತು ಬಂದು, ಹೇರಿದ್ದನ್ನು ನೋಡಿ, "ತಲಿ ಇಲ್ಲದ ಮಬ್ಬುಗೋಳು" ಎಂದಳು. ಆಮೇಲೆ ಪಟ್ಟಿ ಹಿಡಿದು ಮೇಲೆ ಹತ್ತಿ ಕೂತಳು.

ಮೂತಿ ಇಳಿಯಿತು. ಇಳಿದು, ನೆಲಕ್ಕೆ ಇನ್ನು ಒಂದು ಗೇಣು ಇರುವಾಗ ನಿಂತುಬಿಟ್ಟಿತು. ಗುಂಡಮ್ಮ ಅಲುಗಿ ಕೂತಳು. ಗಾಲಿ ತೂಗಾಡಿತೇ ಹೊರತು ನೆಲ ಮುಟ್ಟಲಿಲ್ಲ. ಊರಿಗೆ ಊರೇ ಆ ಗೇಣಿನ ಸಂದನ್ನು ನೋಡುತ್ತ ನಿಂತಿತು. ಉಣ್ಣದೆ ಬಿಟ್ಟ ಆರು ತಿಂಗಳ ರೊಟ್ಟಿಯೆಲ್ಲ ಆ ಸಂದಿನಲ್ಲಿದೆ ಎಂದು ಗುಂಡಮ್ಮನಿಗೆ ಹೊಳೆಯಿತು. ಕರೆದಾಗ ತಾನೇ ಸಾಲದೆ ಹೋದೆನಲ್ಲ ಎಂದು ಅವಳಿಗೆ ಭೂಮಿಗೆ ಇಳಿದುಹೋಗುವಷ್ಟು ನಾಚಿಕೆಯಾಯಿತು. ಇಳಿಯಲು ಭೂಮಿಯೇ ಒಂದು ಗೇಣು ದೂರವಿತ್ತು.

"ಎರಡು ಮರಳ ಚೀಲಾ ತರ್ರಿ" ಎಂದು ಗುಂಪಿನಲ್ಲಿ ಯಾರೋ ಅಂದರು. ಗುಂಡಮ್ಮನ ಮುಖ ಸಣ್ಣದಾಯಿತು.

ಆ ಮುಖವನ್ನು ಹಣಮಂತರಾಯ ನೋಡಿದ. ಟ್ರ್ಯಾಕ್ಟರು ಸುನೀಲನ ಕೈಗೆ ಬರುವ ತನಕ ಅವನು ಸ್ಟೇರಿಂಗಿನ ಹಿಂದೆ ಕೂತು ಅವಳ ಬೆನ್ನನ್ನಷ್ಟೇ ನೋಡಿದವನು. ಈಗ ಎದುರಿಗೆ ನಿಂತಿದ್ದ. ಅವನು ಹೆಗಲ ಮೇಲಿನ ವಲ್ಲಿಯನ್ನು ಮಾಣಿಕನ ಕೈಗೆ ಕೊಟ್ಟ. ಗಿಡ್ಡ ಕಾಲು ಎತ್ತಿ, ಎರಡು ಸಲ ಜಾರಿ, ಮೂರನೆಯ ಸಲ ಲಿಂಗರಾಜ ಹಿಂದಿನಿಂದ ದಬ್ಬಿದ ಮೇಲೆ, ಟ್ರ್ಯಾಕ್ಟರಿನ ಮೂತಿ ಹತ್ತಿದ.

"ಸರಿ ಒಂದೀಟು."

"ಏನ್ರಿ ಇದು? ಮಂದಿ ನೋಡ್ತಾರ" ಎಂದು ಗುಂಡಮ್ಮ ಪಿಸುಗುಟ್ಟಿದಳು.

"ನೋಡ್ಲಿ. ಮರಳ ಚೀಲಕ್ಕಿಂತ ಕಡಿಮಿ ಇದ್ದೀನೇನ ನಾ?"

ಮದುವೆಯ ಹಸೆಯ ಮೇಲೆ ಕೂತ ನಂತರ ಇಬ್ಬರೂ ಊರ ಮುಂದೆ ಹೀಗೆ ಒತ್ತಿಕೊಂಡು ಕೂತದ್ದು ಇದೇ ಮೊದಲು. ಹಣಮಂತರಾಯ ಬುಡ ಊರಿದ್ದೇ ತಡ, ಗಾಲಿಗಳು ಧೊಪ್ಪೆಂದು ನೆಲಕ್ಕೆ ಬಿದ್ದವು. ಮಂದಿ ಕೇಕೆ ಹಾಕಿದರು. ಸುನೀಲ ಗೇರಿನ ಮೇಲೆ ಕೈ ಇಟ್ಟು ಕಾದ. ಹಣಮಂತರಾಯ ರೂಢಿಯಂತೆ ಅಪ್ಪಣೆ ಕೊಡಲು ಬಾಯಿ ತೆರೆದ. ತೆರೆದವನು ಪಕ್ಕಕ್ಕೆ ನೋಡಿ, ಮತ್ತೆ ಮುಚ್ಚಿಕೊಂಡ. ಗುಂಡಮ್ಮ ಎಲೆ ಅಡಿಕೆಯನ್ನು ದವಡೆಗೆ ಸರಿಸಿದಳು, ಎಡಗಡೆ ಒಮ್ಮೆ ನೋಡಿದಳು, ಬಲಗಡೆ ಒಮ್ಮೆ ನೋಡಿದಳು. ಅವಸರವೇನೂ ಮಾಡಲಿಲ್ಲ.

"ಹೊಡಿ" ಎಂದಳು.

ಮೇಲೆ ಡಾಂಬರು ರಸ್ತೆ ಸೇರಿದಾಗ ಹಣಮಂತರಾಯನಿಗೆ ಹಿಡಿಸಲಾರದಷ್ಟು ಹಿಗ್ಗು. ಎದುರಿಗೆ ಬಂದ ಜಹೀರಾಬಾದಿನ ಆಟೋದವರಿಗೆಲ್ಲ ಕೈ ಬೀಸಿದ. ಚಹಾದ ಅಂಗಡಿಯ ಮುಂದೆ ಇಳಿದು, ತಾನೇ ಹೋಗಿ ಎರಡು ಗ್ಲಾಸು ಚಹಾ ತಂದು ಒಂದನ್ನು ಹೆಂಡತಿಗೆ ಕೊಟ್ಟ. ಆಮೇಲೆ ಹೊಸದಾಗಿ ಕೆಲಸಕ್ಕೆ ಸೇರಿದವನ ಹಾಗೆ ಮೆಲ್ಲಗೆ ಕೇಳಿದ.

"ನಾಳಿ ಮುಂಜಾನಿ ನಾ ಎಷ್ಟಕ್ಕ ಬರ್ಲಿ?"

ಗುಂಡಮ್ಮ ಚಹಾ ಪೂರ್ತಿ ಕುಡಿದು ಗ್ಲಾಸು ಕೆಳಗಿಟ್ಟಳು.

"ನಾಳಿಗಿ ನೀವು ಬ್ಯಾಡ್ರಿ. ನಾ ಇವತ್ತ ಊಟ ಮಾಡ್ತೀನಿ."